ರಾಜ್ಯಗಳ ಕೊರತೆ ಮತ್ತು ವರ್ತಕರ ಕಿರ್ದಿ

ರಾಜ್ಯದ ಮುಂಗಡಪತ್ರ ಮಂಡನೆಯಾದ ದಿನ ವರ್ತಕರು ಮೊದಲು ನೋಡುವುದು ತೆರಿಗೆಯ ದರಗಳನ್ನು. ಕೊರತೆಯ ಅಂಕಿಗಳು ಅರ್ಥಶಾಸ್ತ್ರಜ್ಞರ ಚರ್ಚೆಗೆ ಮೀಸಲೆಂಬ ಭಾವನೆ ಸಾಮಾನ್ಯ. ಆದರೆ ಒಂದು ರಾಜ್ಯದ ಬೊಕ್ಕಸ ಬರಿದಾದಾಗ ಅದರ ಬಿಸಿ ಮೊದಲು ತಟ್ಟುವುದು ಸರ್ಕಾರಕ್ಕೆ ಸರಕು ಪೂರೈಸುವ ಸಣ್ಣ ಉದ್ಯಮಿಗೇ. ಆದ್ದರಿಂದ ಕೆಲವು ರಾಜ್ಯಗಳ ಕೊರತೆ ಉಳಿದವುಗಳಿಗಿಂತ ಹೆಚ್ಚೇಕೆ ಎಂಬ ಪ್ರಶ್ನೆ ವಾಣಿಜ್ಯ ವಲಯಕ್ಕೂ ಸಂಬಂಧಿಸಿದ್ದಾಗಿದೆ.

ನೀತಿ ಆಯೋಗವು 2025ರ ಜನವರಿಯಲ್ಲಿ ಪ್ರಕಟಿಸಿದ ವಿತ್ತೀಯ ಆರೋಗ್ಯ ಸೂಚ್ಯಂಕದಲ್ಲಿ 18 ಪ್ರಮುಖ ರಾಜ್ಯಗಳ ಪೈಕಿ ಒಡಿಶಾ ಮೊದಲ ಸ್ಥಾನದಲ್ಲಿದ್ದರೆ ಪಂಜಾಬ್ ಕೊನೆಯ ಸ್ಥಾನದಲ್ಲಿತ್ತು. ಎರಡಕ್ಕೂ ಇರುವುದು ಒಂದೇ ಸಂವಿಧಾನ, ಒಂದೇ ಸರಕು ಮತ್ತು ಸೇವಾ ತೆರಿಗೆ. ಹಾಗಿದ್ದೂ ಈ ಅಂತರವೇಕೆ?

ಉತ್ತರ ಹುಡುಕುವ ಮುನ್ನ ಕೊರತೆಯ ಎರಡು ಬಗೆಗಳನ್ನು ಬೇರ್ಪಡಿಸಿ ನೋಡುವುದು ಅಗತ್ಯ. ಸರ್ಕಾರದ ಒಟ್ಟು ಖರ್ಚಿಗೂ ಸಾಲೇತರ ಆದಾಯಕ್ಕೂ ನಡುವಿನ ಅಂತರ ವಿತ್ತೀಯ ಕೊರತೆ. ದೈನಂದಿನ ಖರ್ಚಿಗೇ ವರಮಾನ ಸಾಲದಿದ್ದರೆ ಅದು ರಾಜಸ್ವ ಕೊರತೆ. ಸಾಲ ತಂದು ಹೊಸ ಯಂತ್ರ ಕೊಳ್ಳುವ ಕಾರ್ಖಾನೆಗೂ, ಸಾಲ ತಂದು ತಿಂಗಳ ಸಂಬಳ ಕೊಡುವ ಕಾರ್ಖಾನೆಗೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. ಆತಂಕಕ್ಕೆ ಕಾರಣವಾಗಬೇಕಾದದ್ದು ಎರಡನೆಯದು.

ಅಂತರದ ಮೊದಲ ಕಾರಣ ಬದ್ಧ ವೆಚ್ಚ. ವೇತನ, ನಿವೃತ್ತಿ ವೇತನ ಮತ್ತು ಬಡ್ಡಿ ಇವು ಮುಂಗಡಪತ್ರ ಮಂಡನೆಗೆ ಮೊದಲೇ ನಿಗದಿಯಾಗಿರುವ ಖರ್ಚುಗಳು. ಶಿಕ್ಷಣ ಮತ್ತು ಆರೋಗ್ಯ ಸೇವೆಯಲ್ಲಿ ಮುಂದಿರುವ ಕೇರಳವು ಅದಕ್ಕೆ ಬೇಕಾದ ದೊಡ್ಡ ಸಿಬ್ಬಂದಿಯ ವೇತನವನ್ನೂ ನಿವೃತ್ತಿ ವೇತನವನ್ನೂ ಭರಿಸಬೇಕಾಗಿದೆ. ಪಂಜಾಬಿನಲ್ಲಿ ಹಳೆಯ ಸಾಲದ ಬಡ್ಡಿಯ ಜೊತೆಗೆ 1997ರಲ್ಲಿ ಆರಂಭವಾದ ಕೃಷಿ ಪಂಪ್‌ಸೆಟ್ಟುಗಳ ಉಚಿತ ವಿದ್ಯುತ್ತಿನ ಹೊರೆಯೂ ಸೇರಿದೆ. 2022ರಿಂದ ಗೃಹಬಳಕೆಗೂ ತಿಂಗಳಿಗೆ 300 ಯೂನಿಟ್ ಉಚಿತವಾಯಿತು. ಹೀಗೆ ಕಟ್ಟಿಹಾಕಿಕೊಂಡ ರಾಜ್ಯಕ್ಕೆ ಒಂದು ವರ್ಷ ತೆರಿಗೆ ಸಂಗ್ರಹ ತಗ್ಗಿದರೂ ಸಾಲವಲ್ಲದೆ ಬೇರೆ ದಾರಿಯಿಲ್ಲ.

ಎರಡನೆಯ ಕಾರಣ ವರಮಾನದ ಮೂಲ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಯಾದ ಮೇಲೆ ರಾಜ್ಯಗಳು ತಾವೇ ದರ ನಿಗದಿಪಡಿಸಬಹುದಾದ ಬಾಬುಗಳು ಅಬಕಾರಿ, ಪೆಟ್ರೋಲ್ ಮತ್ತು ಡೀಸೆಲ್ ಮಾರಾಟ ತೆರಿಗೆ, ಮುದ್ರಾಂಕ ಶುಲ್ಕ, ಮೋಟಾರು ವಾಹನ ತೆರಿಗೆಯಂತಹ ಕೆಲವಕ್ಕೆ ಸೀಮಿತವಾದವು. ವಾರ್ಷಿಕ ಶೇ. 14ರ ಬೆಳವಣಿಗೆಯನ್ನು ಖಾತರಿಪಡಿಸಿದ್ದ ಪರಿಹಾರವೂ 2022ರ ಜೂನ್ 30ಕ್ಕೆ ಕೊನೆಗೊಂಡಿತು. ಒಡಿಶಾಕ್ಕೆ ಗಣಿಗಳ ಆಸರೆ ಇದೆ ಎಂಬುದು ನಿಜ. ಆದರೆ 2000ರ ದಶಕದ ಆರಂಭದಲ್ಲಿ ಅದೇ ಅದಿರು ನೆಲದಲ್ಲಿದ್ದಾಗಲೂ ಆ ರಾಜ್ಯ ಸಾಲದಲ್ಲಿ ಮುಳುಗಿತ್ತು. 2005ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯಿದೆ ತಂದು, ಖರ್ಚಿಗೆ ಕಡಿವಾಣ ಹಾಕಿದ ನಂತರವೇ ಅದು ರಾಜಸ್ವ ಹೆಚ್ಚುವರಿಯತ್ತ ಸಾಗಿತು. ಸಂಪತ್ತಿದ್ದರೆ ಸಾಲದು, ಸಂಯಮವೂ ಬೇಕು.

ಮೂರನೆಯದು ಕೇಂದ್ರ ತೆರಿಗೆಗಳ ಹಂಚಿಕೆ. 14ನೇ ಹಣಕಾಸು ಆಯೋಗದ ಅವಧಿಯಲ್ಲಿ ಶೇ. 4.713ರಷ್ಟಿದ್ದ ಕರ್ನಾಟಕದ ಪಾಲನ್ನು 15ನೇ ಆಯೋಗವು 2021-26ರ ಅವಧಿಗೆ ಶೇ. 3.647ಕ್ಕೆ ಇಳಿಸಿತು. ಕೇರಳದ ಪಾಲು ಶೇ. 2.5ರಿಂದ 1.925ಕ್ಕೆ ಕುಸಿಯಿತು. ಈ ಬಗೆಗಿನ ಅಸಮಾಧಾನ ನ್ಯಾಯಸಮ್ಮತ. ಆದರೆ ಎಲ್ಲ ಕೊರತೆಗೂ ಇದನ್ನೇ ಕಾರಣವಾಗಿ ಮುಂದೊಡ್ಡುವುದು ಸರಿಯಲ್ಲ.

ಕರ್ನಾಟಕದ ಅನುಭವವನ್ನೇ ನೋಡಬಹುದು. 2002ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯಿದೆಯನ್ನು ದೇಶದಲ್ಲೇ ಮೊದಲಿಗೆ ರೂಪಿಸಿದ ರಾಜ್ಯವಿದು. 2004-05ರಲ್ಲಿ ರಾಜಸ್ವ ಹೆಚ್ಚುವರಿ ಸಾಧಿಸಿ ಬಹುಕಾಲ ಅದನ್ನು ಉಳಿಸಿಕೊಂಡಿತ್ತು. ಆದರೆ 2025-26ರ ಮುಂಗಡಪತ್ರದಲ್ಲಿ ಅಂದಾಜಿಸಲಾದ ರಾಜಸ್ವ ಕೊರತೆ 19,262 ಕೋಟಿ ರೂಪಾಯಿ. ವಿತ್ತೀಯ ಕೊರತೆ ಮಾತ್ರ ಶೇ. 3ರ ಮಿತಿಯೊಳಗೇ ಇತ್ತು. ಐದು ಗ್ಯಾರಂಟಿಗಳಿಗೆ ಮೀಸಲಿಟ್ಟ ಮೊತ್ತ 51,034 ಕೋಟಿ ರೂಪಾಯಿ. ಈ ಹಣದ ಬಹುಭಾಗ ಸ್ಥಳೀಯ ಅಂಗಡಿಗಳ ಗಲ್ಲಾ ಸೇರುತ್ತದೆಂಬುದನ್ನು ವರ್ತಕರು ಅಲ್ಲಗಳೆಯಲಾರರು. ಆದರೆ ಒಮ್ಮೆ ಆರಂಭವಾದ ಇಂತಹ ವೆಚ್ಚವೂ ಕ್ರಮೇಣ ಬದ್ಧ ವೆಚ್ಚದ ಸಾಲಿಗೇ ಸೇರುತ್ತದೆ ಎಂಬ ಎಚ್ಚರ ಅಗತ್ಯ.

ಇದೆಲ್ಲಕ್ಕಿಂತ ಮುಖ್ಯವಾದ ಅಂಶವೊಂದಿದೆ. ಸರ್ಕಾರದ ಲೆಕ್ಕಪತ್ರ ನಡೆಯುವುದು ನಗದು ಪದ್ಧತಿಯಲ್ಲಿ. ಹಣ ಪಾವತಿಯಾದ ದಿನವಷ್ಟೇ ಖರ್ಚು ದಾಖಲಾಗುತ್ತದೆ. ಮಾರ್ಚ್ 31ರೊಳಗೆ ಪಾವತಿಸದೆ ತಡೆಹಿಡಿದ ಬಿಲ್ಲು ಆ ವರ್ಷದ ಕೊರತೆಯಲ್ಲಿ ಕಾಣುವುದೇ ಇಲ್ಲ. ಅದು ಕಾಣುವುದು ಪೂರೈಕೆದಾರನ ಕಿರ್ದಿಯಲ್ಲಿ, ಬಾಕಿಯ ರೂಪದಲ್ಲಿ. ಸರ್ಕಾರ ಮಾಡಬೇಕಾದ ಸಾಲವನ್ನು ಅವನು ತನ್ನ ಬ್ಯಾಂಕಿನಿಂದ, ಹೆಚ್ಚಿನ ಬಡ್ಡಿಗೆ ಮಾಡುತ್ತಾನೆ.

2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯಿದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ 45 ದಿನ ಮೀರದಂತೆ ಪಾವತಿಯಾಗಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲಬೇಕು. ಆದರೆ ಮುಂದಿನ ಆದೇಶ ಕೈತಪ್ಪೀತೆಂಬ ಭಯದಲ್ಲಿ ಈ ಹಕ್ಕನ್ನು ಚಲಾಯಿಸಲು ಯಾವ ಸಣ್ಣ ಉದ್ಯಮಿ ತಾನೇ ಧೈರ್ಯ ಮಾಡುತ್ತಾನೆ? 2021ರಲ್ಲಿ ವರ್ತಕರನ್ನು ಈ ವರ್ಗಕ್ಕೆ ಸೇರಿಸಲಾಯಿತಾದರೂ ಆ ಸೌಲಭ್ಯವನ್ನು ಆದ್ಯತಾ ವಲಯದ ಸಾಲಕ್ಕಷ್ಟೇ ಸೀಮಿತಗೊಳಿಸಲಾಯಿತು.

ಆದುದರಿಂದ ಮುಂಗಡಪತ್ರ ಪೂರ್ವ ಸಭೆಗಳಲ್ಲಿ ವಾಣಿಜ್ಯ ಸಂಘಟನೆಗಳು ಮಂಡಿಸುವ ಬೇಡಿಕೆಗಳ ಸ್ವರೂಪ ಬದಲಾಗಬೇಕಾಗಿದೆ. ಪ್ರತಿ ವರ್ಷ ಹೊಸ ರಿಯಾಯಿತಿ, ಹೊಸ ವಿನಾಯಿತಿ ಕೋರುವವರು ಉಚಿತ ಕೊಡುಗೆಗಳನ್ನು ಮಾತ್ರ ಟೀಕಿಸಿದರೆ ಆ ಮಾತಿಗೆ ತೂಕವಿರದು. ವಿನಾಯಿತಿಯೂ ಬೊಕ್ಕಸಕ್ಕೆ ಖರ್ಚೇ. ಅದರ ಬದಲು ಬಾಕಿ ಬಿಲ್ಲುಗಳ ಇಲಾಖಾವಾರು ವಿವರ, ಎಷ್ಟು ದಿನಗಳಿಂದ ಬಾಕಿ ಎಂಬ ಮಾಹಿತಿ ಸಹಿತ, ಪ್ರತಿ ತ್ರೈಮಾಸಿಕದಲ್ಲಿ ಪ್ರಕಟವಾಗಬೇಕೆಂದು ಒಕ್ಕೊರಲಿನಿಂದ ಒತ್ತಾಯಿಸುವುದು ಲೇಸು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಸರ್ಕಾರಕ್ಕೂ ಅನ್ವಯಿಸುವ ಮಾತು. ಚಾಚಿದ ಕಾಲು ನೆರೆಯವನ ಹಾಸಿಗೆಯ ಮೇಲಿದ್ದರೆ, ಅದನ್ನು ಎತ್ತಿ ಹೇಳುವ ಹೊಣೆ ನೆರೆಯವನದೇ.