ಹಳೆಯ ವಾಹನ, ಹೊಸ ಶುಲ್ಕ

ಐವತ್ತು ವರ್ಷ ಮೀರಿದ ಮೋಟಾರು ವಾಹನಗಳ ನೋಂದಣಿಗಾಗಿ ಕೇಂದ್ರ ಸರಕಾರವು 2021ರ ಜುಲೈ ತಿಂಗಳಲ್ಲಿ ಹೊರಡಿಸಿದ ನಿಯಮಗಳ ವಿಷಯವಾಗಿ ಮಲಾಡ್ ಪರಿಸರದ ನಮ್ಮ ವಾಚಕರು ಮೇಲಿಂದ ಮೇಲೆ ವಿಚಾರಿಸುತ್ತಿದ್ದಾರೆ. ಹೋಟೆಲು ಕಾರ್ಮಿಕರಿಗೂ ಗುಮಾಸ್ತರಿಗೂ ವಿಂಟೇಜ್ ಕಾರಿನ ಗೊಡವೆಯೇಕೆಂದು ಕೆಲವರು ನಗಬಹುದು. ಆದರೆ ಈ ನಿಯಮಗಳು ಶ್ರೀಮಂತರ ಕಾರುಗಳಿಗೆ ಮಾತ್ರ ಸೀಮಿತವಾದವಲ್ಲ. ದ್ವಿಚಕ್ರ ವಾಹನಗಳೂ ಇವುಗಳೊಳಗೆ ಸೇರಿವೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1960ರ ದಶಕದಲ್ಲಿ ತಯಾರಾದ ಮೋಟಾರುಸೈಕಲೋ, ಇದೇ ಮುಂಬಯಿಯಲ್ಲಿ ತಯಾರಾದ ಲ್ಯಾಂಬ್ರೆಟ್ಟಾ ಸ್ಕೂಟರೋ ಊರಿನ ಕೊಟ್ಟಿಗೆಯಲ್ಲಿ ಅಥವಾ ಇಲ್ಲಿಯ ಚಾಳಿನ ಮೆಟ್ಟಲಡಿಯಲ್ಲಿ ಗೋಣಿ ಹೊದ್ದು ನಿಂತಿರುವುದು ನಮ್ಮವರ ಮನೆಗಳಲ್ಲಿ ಅಪೂರ್ವವಲ್ಲ. ಮೈಸೂರಿನ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅದರ ಗಾಡಿಗಳು ಮಾತ್ರ ಇನ್ನೂ ಬದುಕಿವೆ.

ನಿಯಮವು ಹೇಳುವುದಿಷ್ಟು: ಮೊದಲ ನೋಂದಣಿಯಿಂದ ಐವತ್ತು ವರ್ಷ ಕಳೆದಿರಬೇಕು, ಚಾಸಿ, ಹೊರಕವಚ, ಯಂತ್ರ ಇವುಗಳಲ್ಲಿ ಗಣನೀಯ ಮಾರ್ಪಾಡಾಗಿರಬಾರದು, ವಾಹನವು ಖಾಸಗಿ ಬಳಕೆಯದಾಗಿರಬೇಕು. ರಾಜ್ಯದ ಸಮಿತಿಯು ಪರೀಕ್ಷಿಸಿ ಒಪ್ಪಿದರೆ ಹತ್ತು ವರ್ಷಗಳ ಅವಧಿಯ ಪ್ರಮಾಣಪತ್ರ ದೊರೆಯುತ್ತದೆ. ಹೊಸದಾಗಿ ನೋಂದಣಿಯಾಗುವ ಗಾಡಿಯ ಫಲಕದ ಮೇಲೆ ರಾಜ್ಯದ ಅಕ್ಷರಗಳ ಬಳಿಕ 'ವಿ.ಎ.' ಎಂದಿರುತ್ತದೆ, ಮೊದಲೇ ನೋಂದಣಿಯಾದ ಗಾಡಿಯು ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಮೊದಲಿಗೆ 20,000 ರೂಪಾಯಿ, ಬಳಿಕ ಮರುನೋಂದಣಿಗೆ 5,000 ರೂಪಾಯಿ ಶುಲ್ಕ. ಹಳೆಯ ಯಂತ್ರಗಳನ್ನು ಗುಜರಿಯ ಪಾಲಾಗದಂತೆ ಕಾಯುವ ಈ ಉದ್ದೇಶವು ಸ್ತುತ್ಯವೆಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಇಂತಹ ಗಾಡಿಯನ್ನು ನಿತ್ಯದ ಸಂಚಾರಕ್ಕಾಗಲಿ ವ್ಯಾಪಾರಕ್ಕಾಗಲಿ ರಸ್ತೆಗೆ ಇಳಿಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ಸಂಶೋಧನೆ, ಪೆಟ್ರೋಲು ತುಂಬಿಸುವುದು, ದುರಸ್ತಿ ಇವಿಷ್ಟಕ್ಕೆ ಮಾತ್ರ ಅನುಮತಿ. ಮಲಾಡ್ ಸ್ಟೇಶನ್ನಿನಿಂದ ಮಾಲ್ವಣಿಗೆ ಡಬ್ಬಾ ಒಯ್ಯುವವನಿಗೆ ಇದರಿಂದ ಚಿಕ್ಕಾಸಿನ ಪ್ರಯೋಜನವಿಲ್ಲ. 'ವಿ.ಎ. ಫಲಕ ಹಾಕಿಸಿದರೆ ಪಾಸಿಂಗಿನ ಕಾಟವೇ ಇಲ್ಲ' ಎಂದು ಪುಸಲಾಯಿಸುವ ದಲ್ಲಾಳಿಗಳ ಮಾತಿಗೆ ನಮ್ಮ ಬಾಂಧವರು ಕಿವಿಗೊಡಬಾರದು. ನಿತ್ಯವೂ ಓಡಿಸಬೇಕಾದ ಗಾಡಿಗೆ ಸಾಮಾನ್ಯ ನವೀಕರಣವೇ ದಾರಿ. ದೆಹಲಿ ಪ್ರದೇಶದಲ್ಲಿ ಹಳೆಯ ಗಾಡಿಗಳ ಮೇಲೆ ಹೇರಿದ ನಿರ್ಬಂಧವು ಮುಂಬಯಿಗೂ ಅನ್ವಯಿಸುವುದೆಂಬ ವದಂತಿಯನ್ನು ನಂಬಿ, ಓಡುವ ಸ್ಕೂಟರನ್ನು ತೂಕದ ಲೆಕ್ಕದಲ್ಲಿ ಮಾರಬೇಕಾದ ಕಾರಣವೂ ಇಲ್ಲ.

ಇನ್ನು ಶುಲ್ಕದ ನ್ಯಾಯವನ್ನು ನೋಡೋಣ. ಹದಿನೈದು ವರ್ಷ ಕಳೆದ ಖಾಸಗಿ ವಾಹನವನ್ನು ಐದೈದು ವರ್ಷಗಳಿಗೊಮ್ಮೆ ನವೀಕರಿಸಬೇಕು. 2022ರ ಏಪ್ರಿಲಿನಿಂದ ಈ ಶುಲ್ಕವನ್ನು ಮೋಟಾರುಸೈಕಲಿಗೆ 1,000, ಕಾರಿಗೆ 5,000 ರೂಪಾಯಿಗೆ ಏರಿಸಲಾಯಿತು. 2025ರ ಆಗಸ್ಟಿನ ತಿದ್ದುಪಡಿಯು ಇಪ್ಪತ್ತು ವರ್ಷ ಮೀರಿದವುಗಳಿಗೆ ಅದನ್ನು ಕ್ರಮವಾಗಿ 2,000 ಮತ್ತು 10,000 ರೂಪಾಯಿ ಮಾಡಿತು. ಅವಧಿ ತಪ್ಪಿದ ಮೋಟಾರುಸೈಕಲಿಗೆ ತಿಂಗಳೊಂದಕ್ಕೆ 300 ರೂಪಾಯಿಯ ವಿಳಂಬ ಶುಲ್ಕ ಬೇರೆ. ಹೀಗೆ, ವರ್ಷಕ್ಕೆರಡು ಸಲ ಮೆರವಣಿಗೆ ಹೋಗುವ ಧನಿಕನ ಕಾರು ಮರುನೋಂದಣಿಗಾಗಿ ಹತ್ತು ವರ್ಷಕ್ಕೆ 5,000 ರೂಪಾಯಿ ಕೊಡುತ್ತದೆ. ಸಂಸಾರವನ್ನು ಹೊತ್ತು ದುಡಿಯುವ ಗುಮಾಸ್ತನ ಇಪ್ಪತ್ತೊಂದು ವರ್ಷದ ಕಾರು ಐದು ವರ್ಷಕ್ಕೆ 10,000 ಕೊಡುತ್ತದೆ! ರಸ್ತೆಗೆ ಇಳಿಯದ ಗಾಡಿ ಹೊಗೆಯುಗುಳುವುದಿಲ್ಲ ಎಂಬ ವಾದದಲ್ಲಿ ಹುರುಳಿದೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಜಾವಾ ಮೋಟಾರುಸೈಕಲಿಗೂ ರಾಜಮಹಾರಾಜರ ರೋಲ್ಸ್ ರಾಯ್ಸಿಗೂ ಒಂದೇ 20,000 ರೂಪಾಯಿ ಎಂಬುದು ಯಾವ ತಕ್ಕಡಿಯ ತೂಕ? ಹೋಟೆಲಿನ ಮಾಣಿಯ ತಿಂಗಳ ದುಡಿಮೆಯನ್ನೇ ನುಂಗಬಲ್ಲ ಮೊತ್ತವದು. ದ್ವಿಚಕ್ರ ವಾಹನಕ್ಕೆ ಪ್ರತ್ಯೇಕ ದರವನ್ನು ಗೊತ್ತುಪಡಿಸುವುದೇ ನ್ಯಾಯ.

ನಮ್ಮವರನ್ನು ಇದಕ್ಕಿಂತಲೂ ಹೆಚ್ಚಾಗಿ ಹಣ್ಣುಮಾಡುವುದು ಎರಡು ರಾಜ್ಯಗಳ ನಡುವಣ ರಸ್ತೆ ತೆರಿಗೆ. ಒಂದು ರಾಜ್ಯದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಇರಿಸಿದರೆ ಹೊಸ ಸಂಖ್ಯೆ ಪಡೆಯಬೇಕೆಂದು 1988ರ ಮೋಟಾರು ವಾಹನ ಕಾಯಿದೆಯ 47ನೆಯ ವಿಧಿ ಹೇಳುತ್ತದೆ. ಉಡುಪಿಯಲ್ಲಿ ಆಜೀವ ತೆರಿಗೆ ತೆತ್ತ ಸ್ಕೂಟರನ್ನು ಮಲಾಡಿಗೆ ತಂದವನು ಅಲ್ಲಿಂದ ನಿರಾಕ್ಷೇಪಣಾ ಪತ್ರ ತರಬೇಕು. ಬೋರಿವಲಿಯ ಕಚೇರಿಯಲ್ಲಿ ಮಹಾರಾಷ್ಟ್ರದ ತೆರಿಗೆ ಕಟ್ಟಬೇಕು. ಆ ರಶೀದಿ ಹಿಡಿದು ಮರಳಿ ಊರಿನ ಕಚೇರಿಗೆ ಹೋಗಿ, ಉಳಿದ ಅವಧಿಯ ತೆರಿಗೆಯನ್ನು ಹಿಂದಕ್ಕೆ ಬೇಡಬೇಕು. ವಾರಕ್ಕೊಂದು ರಜೆಯೂ ನೆಟ್ಟಗೆ ಸಿಗದವನು ಇದಕ್ಕಾಗಿ ಎಷ್ಟು ಸಲ ರೈಲು ಹತ್ತಬೇಕು?

ಈ ತೊಡಕಿಗೆ ಪರಿಹಾರವೆಂದು 2021ರಲ್ಲಿಯೇ 'ಬಿ.ಎಚ್.' ಎಂಬ ಭಾರತ ಸರಣಿಯ ಸಂಖ್ಯೆ ಬಂತು. ಎರಡೆರಡು ವರ್ಷದ ತೆರಿಗೆ ಕಟ್ಟಿ ಯಾವ ರಾಜ್ಯದಲ್ಲಾದರೂ ಓಡಿಸಬಹುದಾದ ಈ ಸೌಕರ್ಯವು ಸೈನಿಕರಿಗೆ, ಸರಕಾರಿ ಹಾಗೂ ಸರಕಾರಿ ಉದ್ಯಮಗಳ ನೌಕರರಿಗೆ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯುಳ್ಳ ಖಾಸಗಿ ಸಂಸ್ಥೆಗಳ ನೌಕರರಿಗೆ ಮೀಸಲು. ಬ್ಯಾಂಕಿನ ಗುಮಾಸ್ತನಿಗೆ ಅದು ದಕ್ಕೀತು. ನಾಲ್ಕು ರಾಜ್ಯಗಳಲ್ಲಿ ಕಚೇರಿ ತೆರೆದ ಉಡುಪಿ ಹೋಟೆಲನ್ನು ಎಲ್ಲಿ ಹುಡುಕೋಣ? ಊರು ಬಿಟ್ಟು ಊರಿಗೆ ಹೋಗಿ ದುಡಿಯುವವರಲ್ಲಿ ಅಡುಗೆಯವನೂ ಒಬ್ಬನೆಂಬುದು ಈ ನಿಯಮ ರಚಿಸಿದವರ ಗಮನಕ್ಕೆ ಬಂದಂತಿಲ್ಲ.

ವಾಹನ ತೆರಿಗೆಯು ರಾಜ್ಯಗಳ ಹಕ್ಕಾಗಿರುವುದರಿಂದ ಕೇಂದ್ರದ ಕೈ ಕಟ್ಟಿದೆಯೆಂಬ ಸಮಾಧಾನವನ್ನು ನಾವು ಕೇಳಿದ್ದೇವೆ. ಆದರೆ ಆ ತೆರಿಗೆ ಯಾವ ತತ್ವದ ಮೇಲಿರಬೇಕೆಂಬುದನ್ನು ಸಂವಿಧಾನದ ಏಳನೆಯ ಅನುಸೂಚಿಯು ಸಮವರ್ತಿ ಪಟ್ಟಿಯ 35ನೆಯ ನಮೂದಿನಲ್ಲಿ ಇರಿಸಿದೆ. ಕೇಂದ್ರವು ಅದರ ಮೇಲೆ ಶಾಸನ ಮಾಡಬಲ್ಲುದು. ಒಮ್ಮೆ ತೆತ್ತ ತೆರಿಗೆಯ ಉಳಿಕೆಯನ್ನು ಎರಡು ಸರಕಾರಗಳು ತಮ್ಮೊಳಗೇ ಲೆಕ್ಕ ತೀರಿಸಿಕೊಳ್ಳಲಿ. ಹೊಸ ರಾಜ್ಯದವರು ವ್ಯತ್ಯಾಸವನ್ನಷ್ಟೇ ವಸೂಲು ಮಾಡಲಿ. ಕಾಗದವೆಲ್ಲ ಗಣಕಯಂತ್ರದಲ್ಲಿ ಹರಿದಾಡುವ ಈ ಕಾಲದಲ್ಲಿ ಹಣವೊಂದು ಮಾತ್ರ ಯಾಕೆ ಹರಿದಾಡಬಾರದು?

ಸರಕಾರ ಮನಸ್ಸು ಮಾಡುವವರೆಗೆ ನಮ್ಮವರು ತಾವೇ ಮಾಡಿಕೊಳ್ಳಬೇಕಾದ ಕೆಲಸವೂ ಇದೆ. ತಂದೆ ತೀರಿಹೋಗಿ ಎಷ್ಟೋ ವರ್ಷವಾದರೂ ಗಾಡಿ ಅವರ ಹೆಸರಿನಲ್ಲಿಯೇ ಇರುವ ಕುಟುಂಬಗಳು ಹಲವು. ಮಾಲಿಕನ ಮರಣವನ್ನು ಮೂವತ್ತು ದಿನಗಳೊಳಗೆ ನೋಂದಣಿ ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ 31ನೆಯ ನಮೂನೆಯಲ್ಲಿ ಹೆಸರು ಬದಲಿಗೆ ಅರ್ಜಿ ಕೊಡಬೇಕೆಂಬುದು ನಿಯಮ. ಅವಧಿ ಮೀರಿದ್ದರೆ ದಂಡ ತೆತ್ತಾದರೂ ಇದನ್ನು ಮೊದಲು ಸರಿಪಡಿಸುವುದು ಮೇಲು. ಹೆಸರು ಬದಲಾಗದ ಗಾಡಿಯನ್ನು ವಾರಸುದಾರನು ತನ್ನ ಸೊತ್ತೆಂದು ನವೀಕರಿಸಲಾರ, ಮಾರಲಾರ. ಅಣ್ಣತಮ್ಮಂದಿರ ಒಪ್ಪಿಗೆ ಪತ್ರ ಬೇಕಾಗುವುದರಿಂದ ಎಲ್ಲರೂ ಊರಿನಲ್ಲಿ ಸೇರುವ ದಿನಗಳೇ ಇದಕ್ಕೆ ಅನುಕೂಲ. ಈ ಸಲ ಊರಿಗೆ ಹೋಗುವವರು ಅಟ್ಟದ ಪೆಟ್ಟಿಗೆಯಲ್ಲಿರುವ ಹಳೆಯ ಆರ್.ಸಿ. ಪುಸ್ತಕವನ್ನು ಹುಡುಕಿ ತೆಗೆಯಲಿ. ಗೆದ್ದಲು ಹಿಡಿದಿದ್ದರೂ ಎಸೆಯದಿರಲಿ. ಚಾಸಿಯ ಸಂಖ್ಯೆಯೂ ಮೊದಲ ನೋಂದಣಿಯ ದಿನಾಂಕವೂ ಓದುವಂತಿದ್ದರೆ ಅದನ್ನೇ ಹಿಡಿದು ಕಚೇರಿಯವರೊಡನೆ ಮಾತನಾಡಬಹುದು.