ಹುದ್ದೆಯ ಬೆಲೆ

ಕನ್ನಡದಲ್ಲಿ ಓದಿದವರಿಗೆ ದೊಡ್ಡ ಹುದ್ದೆ ದೊರೆತೀತೇ ಎಂದು ಉಪ್ಪಲಿನ ನಮ್ಮ ವಿದ್ಯಾರ್ಥಿಗಳು ಕೇಳುವುದುಂಟು. ಹುದ್ದೆಯ ಬೆಲೆಯನ್ನು ಸಾಲಾರ್ ಜಂಗ್ ಮನೆತನದಿಂದ ಅರಿಯಬಹುದು. ವಿಜಾಪುರದ ಆದಿಲ್‌ಶಾಹಿಯಲ್ಲಿ ನೆಲೆಗೊಂಡಿದ್ದ ಈ ಮನೆತನವು ಮುಂದೆ ಹೈದರಾಬಾದಿನ ನಿಜಾಮರಲ್ಲಿ ದಿವಾನಗಿರಿಗೇರಿತು. 1853ರಲ್ಲಿ ದಿವಾನರಾದ ಒಂದನೆಯ ಸಾಲಾರ್ ಜಂಗರು 30 ವರ್ಷ ಆಡಳಿತ ನಡೆಸಿದರು. ಮೊಮ್ಮಗನ ದಿವಾನಗಿರಿ 1912ರಿಂದ 1914ರವರೆಗೆ ಮಾತ್ರ.

ಆಸ್ಥಾನದ ಏಳಿಗೆ ಎಂದೂ ಅಸ್ಥಿರವೇ. ಇಂಗ್ಲೆಂಡಿನ ಎಂಟನೆಯ ಹೆನ್ರಿಯ ಕೃಪೆಯಿಂದ ಮೇಲೇರಿದ ಬೊಲಿನ್ ಮನೆತನವು 1536ರಲ್ಲಿ ಅವನ ಕೋಪದಿಂದಲೇ ಕುಸಿಯಿತು. ಸಾಲಾರ್ ಜಂಗರ ದಿವಾನಗಿರಿಯೂ ಅಳಿಯಿತು. ಆದರೆ ಆ ಮೊಮ್ಮಗ ಕೂಡಿಸಿದ ಕಲಾವಸ್ತುಗಳು 1951ರಿಂದ ವಸ್ತುಸಂಗ್ರಹಾಲಯವಾಗಿ ಸರ್ವರಿಗೂ ತೆರೆದಿವೆ.

ವಿದ್ಯಾರ್ಥಿಗಳೇ, ಕನ್ನಡದಲ್ಲಿ ಓದಿ ಎಂಥ ಹುದ್ದೆಗಾದರೂ ಏರಿರಿ. ಅದು ಮುಗಿದ ಮೇಲೆ ಊರಿಗೇನು ಉಳಿದೀತೆಂಬುದನ್ನೂ ಈಗಲೇ ಯೋಚಿಸಿರಿ.