ನೆಡುವುದಕ್ಕಿಂತ ಮೊದಲು ಉಳಿಸುವುದು

ರಾಯಚೂರು ಸೀಮೆಯನ್ನು ಹಿಂದಿನವರು ಎಡೆದೊರೆ ನಾಡು ಎಂದು ಕರೆದರು. ಎರಡು ಹೊಳೆಗಳ ನಡುವಿನ ನೆಲವೆಂಬ ಅರ್ಥ. ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರ 1985ರಿಂದ ನಡೆಯುತ್ತಿರುವುದು ಕೃಷ್ಣೆಯ ನೀರಿನಿಂದ. ದೇವದುರ್ಗದ ಹೊಲಗಳಿಗೆ ನಾರಾಯಣಪುರ ಬಲದಂಡೆ ಕಾಲುವೆಯಲ್ಲಿ ಬರುವುದೂ ಅದೇ ನೀರು. ಮಾನ್ವಿಯ ಭತ್ತ ನಂಬಿರುವುದು ತುಂಗಭದ್ರೆಯ ಎಡದಂಡೆ ಕಾಲುವೆಯನ್ನು. ಆ ಬಿಸಿಲು ನಾಡಿನಲ್ಲಿ ಬೀಳುವ ಮಳೆ ಅಲ್ಪ. ಅಲ್ಲಿಯ ಹೊಳೆಗಳ ಹುಟ್ಟು ಇರುವುದು ಸಹ್ಯಾದ್ರಿಯಲ್ಲಿ. ಕೃಷ್ಣೆ ಮಹಾಬಳೇಶ್ವರದವಳು, ಅವಳನ್ನು ಕೂಡುವ ಭೀಮೆ ಭೀಮಾಶಂಕರದವಳು, ತುಂಗೆ ಮತ್ತು ಭದ್ರೆಯರು ನಮ್ಮ ಗಂಗಾಮೂಲದವರು. ಆದ್ದರಿಂದ ಮಲೆನಾಡಿನ ಕಾಡಿನ ಪ್ರಶ್ನೆಯನ್ನು ಮಲೆನಾಡಿಗರ ಖಾಸಗಿ ವ್ಯವಹಾರವೆಂದು ತಿಳಿಯುವುದು ಸರಿಯಲ್ಲ.

ತುಂಗಭದ್ರಾ ಜಲಾಶಯದಲ್ಲಿ 1953ರಲ್ಲಿ ನೀರು ನಿಂತಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ ಇತ್ತು. ಇಂದು ಅದು 105 ಟಿಎಂಸಿಯ ಆಸುಪಾಸಿನಲ್ಲಿದೆ. ಉಳಿದ ಜಾಗವನ್ನು ಹೂಳು ಆಕ್ರಮಿಸಿದೆ. ಇದಕ್ಕೆ ಗಣಿಗಾರಿಕೆಯೂ ಕಾರಣ, ಬಯಲಿನ ಉಳುಮೆಯೂ ಕಾರಣ. ನಮ್ಮ ಬೆಟ್ಟಗಳಿಂದ ಜಾರಿಹೋದ ಮಣ್ಣಿನ ಪಾಲೂ ಅದರಲ್ಲಿದೆ. ಭದ್ರೆಯ ತಲೆಯ ಮೇಲೆಯೇ ಇದ್ದ ಕುದುರೆಮುಖದ ಕಬ್ಬಿಣದ ಗಣಿ ಸುಪ್ರೀಂ ಕೋರ್ಟಿನ ಆದೇಶದಂತೆ ನಿಂತದ್ದು 2005ರ ಕೊನೆಗೆ. ಹೂಳಿನಿಂದ ನಷ್ಟವಾದ ನೀರನ್ನು ಹಿಡಿಯಲು ನವಲಿಯ ಬಳಿ ಇನ್ನೊಂದು ಜಲಾಶಯ ಕಟ್ಟುವ ಯೋಜನೆ ರೂಪಿಸಲಾಯಿತು. ಹೂಳು ಹುಟ್ಟುವ ಜಾಗಕ್ಕೆ ಅಷ್ಟೇ ಉತ್ಸಾಹದಿಂದ ಹಣ ಹರಿದದ್ದನ್ನು ನಾನು ಕಂಡಿಲ್ಲ.

ಹಣ ಬಂದಾಗಲೂ ಅದು ಸಸಿಗಳ ಲೆಕ್ಕವಾಗಿ ಬಂದಿತು. ಮಲೆನಾಡಿನಲ್ಲಿ ದಶಕಗಳ ಕಾಲ ಅರಣ್ಯೀಕರಣವೆಂದರೆ ಅಕೇಶಿಯಾ ಮತ್ತು ನೀಲಗಿರಿ ಎಂದೇ ಅರ್ಥವಾಯಿತು. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೆ 1980ರಲ್ಲಿ 40 ವರ್ಷಗಳಿಗೆ ಅರಣ್ಯಭೂಮಿಯನ್ನು ಗುತ್ತಿಗೆ ಕೊಡಲಾಯಿತು. ಕಾರ್ಖಾನೆ 2015ರ ಹೊತ್ತಿಗೆ ನಿಂತಿತು, ನೆಡುತೋಪು ನಿಲ್ಲಲಿಲ್ಲ. 2020ರಲ್ಲಿ ಗುತ್ತಿಗೆ ಮುಗಿದಾಗ ಆ ನೆಲ ಕಾಡಿಗೆ ಮರಳಲಿ ಎಂದು ಶಿವಮೊಗ್ಗ ಜಿಲ್ಲೆಯ ಜನ ಹೋರಾಡಿದರು; ಸರಕಾರ ಅದೇ ವರ್ಷ ಸುಮಾರು 20,000 ಹೆಕ್ಟೇರನ್ನು ಇನ್ನೂ 40 ವರ್ಷ ಮುಂದುವರಿಸಲು ತೀರ್ಮಾನಿಸಿತು.

ಅಕೇಶಿಯಾವನ್ನು ಸುಮ್ಮನೆ ಬೈಯುವುದು ಕೃಷಿ ವಿಜ್ಞಾನಿಗೆ ಸಲ್ಲದು. ಬೋಳು ಜಂಬಿಟ್ಟಿಗೆ ನೆಲದಲ್ಲಿಯೂ ಅದು ಏಳುತ್ತದೆ, ಬೇರಿನಲ್ಲಿ ಸಾರಜನಕ ಹಿಡಿಯುತ್ತದೆ, ಒಲೆಗೆ ಸೌದೆ ಕೊಡುತ್ತದೆ. ಆದರೆ ನಾವು ಅದರ ಎಲೆ ಎನ್ನುವುದು ನಿಜವಾಗಿ ಚಪ್ಪಟೆಯಾದ ತೊಟ್ಟು; ಉದುರಿದ ಮೇಲೆ ಬೇಗ ಕೊಳೆಯುವುದಿಲ್ಲ. ದಪ್ಪನಾದ ಆ ಒಣ ಹಾಸಿನಡಿ ಬೇರೆ ಬೀಜ ಮೊಳೆಯುವುದು ಕಷ್ಟ, ಬೇಸಿಗೆಯಲ್ಲಿ ಬೆಂಕಿ ಹತ್ತುವುದು ಸುಲಭ. ದನ ಅದನ್ನು ಮೂಸುವುದಿಲ್ಲ, ತೋಟಕ್ಕೆ ಅದು ಸೊಪ್ಪಾಗುವುದಿಲ್ಲ. ಮತ್ತಿ, ನೇರಳೆ, ನಂದಿ, ಹೆಬ್ಬಲಸುಗಳ ಕಾನಿನಲ್ಲಿ ದರಕು ಕೊಳೆತು ಮಣ್ಣು ಸಡಿಲವಾಗಿ ಮಳೆಯನ್ನು ಒಳಗೆಳೆದುಕೊಳ್ಳುತ್ತದೆ. ಶರಾವತಿ ಜಲಾನಯನದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ನಡೆಸಿದ ಅಧ್ಯಯನಗಳೂ ಇದನ್ನೇ ಹೇಳಿವೆ: ಸ್ಥಳೀಯ ಜಾತಿಯ ಕಾಡು ಶೇ. 60ಕ್ಕೂ ಹೆಚ್ಚಿರುವಲ್ಲಿ ಹಳ್ಳಗಳು ವರ್ಷವಿಡೀ ಹರಿಯುತ್ತವೆ. ಏಕಜಾತಿಯ ನೆಡುತೋಪಿರುವಲ್ಲಿ ನಡುವೆಯೇ ಬತ್ತುತ್ತವೆ. ಇನ್ನು ಬೇಣಗಳನ್ನು ಪಾಳು ಭೂಮಿಯೆಂದು ಬರೆದುಕೊಂಡು ಅಲ್ಲಿಯೂ ಗುಂಡಿ ತೋಡುವುದಂತೂ ಅಜ್ಞಾನ. ಹುಲ್ಲೂ ನೀರನ್ನು ಹಿಡಿಯುತ್ತದೆ.

1983ರಲ್ಲಿ ಶಿರಸಿಯ ಸಾಲ್ಕಣಿಯವರು ಮರಗಳನ್ನು ಅಪ್ಪಿಕೊಂಡು ನಿಂತಾಗ ಹುಟ್ಟಿದ ಚಳವಳಿ ‘ಉಳಿಸು, ಬೆಳೆಸು, ಬಳಸು’ ಎಂದಿತು. ಅದರ ಕ್ರಮವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಯೋಜನೆಗಳು ನಡುವಿನ ಮಾತನ್ನಷ್ಟೇ ಓದಿಕೊಂಡವು. ಹಾಗೆಂದು ದೋಷವೆಲ್ಲ ಇಲಾಖೆಯದಲ್ಲ. ಸೊಪ್ಪಿನಬೆಟ್ಟವನ್ನು ಕೊನೆಯ ಚಿಗುರಿನವರೆಗೆ ಕಡಿದವರು ನಾವು, ಕಾನಿನ ಅಂಚನ್ನು ವರ್ಷಕ್ಕೊಂದು ಮಾರು ಅಡಿಕೆ ತೋಟಕ್ಕೆ ಸೇರಿಸಿಕೊಂಡವರೂ ನಾವೇ.

ಬೇರು, ಬೀಜ ಇನ್ನೂ ಉಳಿದಿರುವ ಕಡೆ ಬೆಂಕಿಯನ್ನು ತಡೆದು, ಕೆಲವು ವರ್ಷ ದನ ಬಿಡದಿದ್ದರೆ ಕಾಡು ತಾನೇ ಎದ್ದುಬರುತ್ತದೆ. ಹಳೆಯ ಅಕೇಶಿಯಾವನ್ನು ಒಮ್ಮೆಗೇ ಬೋಳಿಸದೆ ಹಂತಹಂತವಾಗಿ ತೆಗೆದು, ನೆರಳಿರುವಾಗಲೇ ನಡುವೆ ಕಾಡು ಜಾತಿಗಳನ್ನು ತರಬಹುದು. 2006ರ ಅರಣ್ಯ ಹಕ್ಕು ಕಾಯಿದೆ ಸಮುದಾಯದ ಅರಣ್ಯವನ್ನು ಕಾಯುವ ಅಧಿಕಾರವನ್ನು ಗ್ರಾಮಸಭೆಗೆ ಕೊಟ್ಟಿದೆ. ನಮ್ಮ ಎಷ್ಟು ಊರುಗಳು ಆ ಹಕ್ಕಿಗೆ ಅರ್ಜಿ ಹಾಕಿವೆ? ಮುಂದಿನ ಗ್ರಾಮಸಭೆಗೆ ಹೋಗುವವರು ಎರಡು ವಿಷಯಗಳನ್ನು ನಡಾವಳಿಯಲ್ಲಿ ಬರೆಸಬೇಕು: ನಮ್ಮ ಊರಿನ ಯಾವ ಹಳ್ಳ ಯಾವ ತಿಂಗಳಲ್ಲಿ ಬತ್ತಿತು, ಮತ್ತು ಅದರ ನೆತ್ತಿಯ ಮೇಲೆ ಈಗ ಏನು ಬೆಳೆದಿದೆ.